ಬಾಗಂಗಿಲ್ಲ, ಮುರೀತೀನಿ: ಖಡಕ್ ರೊಟ್ಟಿಯೊಡನೆ ಒಂದು ಸಂದರ್ಶನ

‘ದಿನಸಿ ಖರ್ಚು ಉಳಿಸುವ ಹತ್ತು ಸೂತ್ರಗಳು’ ಶುಕ್ರವಾರದೊಳಗೆ ಬೇಕು ಎಂದು ಸಂಪಾದಕರ ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟದ್ದು ಬೆಂಗಳೂರಿನ ಒಂದು ದುಬಾರಿ ಕಾಫಿ ಅಂಗಡಿಯಲ್ಲಿ ಕೂತು. ಆ ಒಂದು ಲೋಟದ ಬೆಲೆಗೆ ವಿಜಯಪುರದಲ್ಲಿ ಎರಡು ದಿನದ ಕಾಯಿಪಲ್ಯ ಬರುತ್ತದೆ ಎಂದು ನಾನು ಹೇಳಲಿಲ್ಲ. ನನ್ನ ಸಂಬಳವೂ ಅವರ ಉಳಿತಾಯ ಸೂತ್ರಗಳಲ್ಲಿ ಒಂದು.

ಅರ್ಥಶಾಸ್ತ್ರದ ಪ್ರೊಫೆಸರು ಫೋನ್ ಎತ್ತಲಿಲ್ಲ. ಆಹಾರ ತಜ್ಞೆಯೊಬ್ಬರು ಎತ್ತಿದರು, ಆದರೆ ಬೆಣ್ಣೆಹಣ್ಣು, ಆಲಿವ್ ಎಣ್ಣೆ ಎಂದು ಶುರು ಮಾಡಿದ್ದರಿಂದ ನಾನೇ ಇಟ್ಟುಬಿಟ್ಟೆ. ಕೊನೆಗೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ರೊಟ್ಟಿ ಬಡಿದು ಮಾರುವ ಅಕ್ಕನೊಬ್ಬರ ಮನೆಯಲ್ಲಿ, ಬಿದಿರು ಬುಟ್ಟಿಯೊಳಗೆ ಬಿಳಿ ಅರಿವೆ ಹೊದ್ದು ಕೂತಿದ್ದ ಖಡಕ್ ರೊಟ್ಟಿಯೊಂದು ಮಾತಿಗೆ ಸಿಕ್ಕಿತು. ಹಂಚಿನಿಂದ ಇಳಿದು ಇಪ್ಪತ್ತು ದಿನವಾಗಿತ್ತು. ಮೈಮೇಲೆ ಅಲ್ಲಲ್ಲಿ ಕಂದು ಚುಕ್ಕೆ; ಅಂಚು ಎಲ್ಲೂ ಸೀಳಿರಲಿಲ್ಲ. ಅಕ್ಕ ಮೂಲೆಯಲ್ಲಿ ಕೂತು, ನಮ್ಮ ಕಡೆ ತಿರುಗಿಯೂ ನೋಡದೆ, ಮರುದಿನದ ರೊಟ್ಟಿ ಬಡಿಯುತ್ತಿದ್ದರು. ಆ ಪಟ ಪಟ ಸದ್ದಿನ ನಡುವೆಯೇ ಈ ಮಾತುಕತೆ ನಡೆಯಿತು.

ಪ್ರಶ್ನೆ: ನಮಸ್ಕಾರ. ಮೊದಲು ಓದುಗರಿಗೆ ನಿಮ್ಮ ಪರಿಚಯ.

ರೊಟ್ಟಿ: ನಮಸ್ಕಾರ್ರಿ. ಕೈ ಕುಲುಕೂದು ಬ್ಯಾಡ, ಮುರದ್ರ ಬುಟ್ಟ್ಯಾಗಿನ ಮಂದಿ ನಗ್ತಾರ. ನಾ ಖಡಕ್ ರೊಟ್ಟಿ. ಕಟಿ ರೊಟ್ಟಿ ಅಂತಾರ, ತೆಳ್ಳನ ರೊಟ್ಟಿ ಅಂತಾರ, ಹಲ್ಲಿಲ್ಲದವರು ಇನ್ನೂ ಏನೇನೋ ಅಂತಾರ. ನಮ್ಮವ್ವ ಬಿಳಿಜ್ವಾಳ, ತವರು ಡೋಣಿ ದಂಡ್ಯಾಗಿನ ಎರಿ ಹೊಲ. ‘ಡೋಣಿ ಬೆಳದ್ರ ಓಣೆಲ್ಲಾ ಕಾಳು’ ಅಂತ ಗಾದಿ ಐತಲ್ರೀ, ಆ ಕಾಳಿನ ಪೈಕಿ ನಾ. ಹಿಂಗಾರಿ ಪೈರು. ಮಳಿಗಾಲ ಮುಗಿಯೂ ಹೊತ್ತಿಗೆ ಬಿತ್ತತಾರ. ಎರಿ ಮಣ್ಣು ತನ್ನ ಹೊಟ್ಟ್ಯಾಗ ಹಿಡಕೊಂಡ ತೇವಾ ಕುಡದು, ಚಳಿಗಾಲದ ಮಂಜು ನೆಕ್ಕಿ ಬೆಳೀತೈತಿ. ನೀರು ಕೊಡು ಅಂತ ಯಾರ ಮನಿ ಬಾಗಲಕ್ಕೂ ಹೋಗಂಗಿಲ್ಲ. ಉಳಿತಾಯ ನಮಗ ಯಾರೂ ಕಲಸಿದ್ದಲ್ರೀ. ಬೇರಿನಾಗ ಐತಿ.

ಪ್ರಶ್ನೆ: ಅದಕ್ಕೇ ನಿಮ್ಮನ್ನು ಹುಡುಕಿಕೊಂಡು ಬಂದೆ. ಬೇರೆ ಪತ್ರಿಕೆಗಳಿಂದ ಕೆಲವು ಸೂತ್ರ ಸಂಗ್ರಹಿಸಿದ್ದೇನೆ. ಒಂದೊಂದಾಗಿ ಓದುತ್ತೇನೆ, ಅಭಿಪ್ರಾಯ ಹೇಳಿ. ಒಂದು: ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋಗಬೇಡಿ.

ರೊಟ್ಟಿ: ಹೊಟ್ಟಿ ತುಂಬಿದ್ರ ಸಂತಿಗ್ಯಾಕ ಹೋಗ್ತಾರ್ರೀ?

ಪ್ರಶ್ನೆ: ಎರಡು: ಅಡುಗೆಮನೆಯ ಪ್ರತಿ ಡಬ್ಬಿಯ ಮೇಲೂ ಒಳಗೇನಿದೆ ಎಂದು ಚೀಟಿ ಅಂಟಿಸಿ.

ರೊಟ್ಟಿ: ಚಲೋ ಆತು. ತಿಂಗಳ ಇಪ್ಪತ್ತನೇ ತಾರೀಖು ದಾಟಿದ ಮ್ಯಾಲ ಎಲ್ಲಾ ಡಬ್ಬಿಗೂ ಒಂದ ಚೀಟಿ ಸಾಕು: ‘ಖಾಲಿ’. ಕಾಗದಾನೂ ಉಳೀತೈತಿ.

ಪ್ರಶ್ನೆ: ಮೂರು: ಒಂದು ಕೊಂಡರೆ ಒಂದು ಉಚಿತ ಎನ್ನುವಂಥ ಕೊಡುಗೆಗಳನ್ನು ಬಳಸಿಕೊಳ್ಳಿ.

ರೊಟ್ಟಿ: ಈ ಓಣ್ಯಾಗ ಒಬ್ಬಾಂವ ಬಳಸಿಕೊಂಡ. ಜ್ವಾಳ ತರಾಕ ಅಂತ ಹ್ವಾದಾಂವ ಆರು ಸೋಪು ತಂದ. ಮೂರಕ್ಕ ಮೂರು ಪುಕ್ಕಟೆ! ಆ ವಾರ ಮನಿಮಂದಿ ಎಲ್ಲಾರೂ ಘಮ ಘಮ ಅಂತ ಉಪಾಸ ಇದ್ರು.

ಪ್ರಶ್ನೆ: ನಾಲ್ಕು: ವಾರದ ಊಟದ ಪಟ್ಟಿಯನ್ನು ಭಾನುವಾರವೇ ಬರೆದಿಡಿ.

ರೊಟ್ಟಿ: ಬರಕೋರಿ. ಸೋಮವಾರ ರೊಟ್ಟಿ, ಮಂಗಳವಾರ ರೊಟ್ಟಿ, ಬುಧವಾರ ರೊಟ್ಟಿ. ಗುರುವಾರ ಬದಲಾವಣಿ ಬೇಕು ಅಂದ್ರ ರೊಟ್ಟಿ ಮುರದು ತಿನ್ನೂದು. ಅಮಾಸಿಗೆ ಹೋಳಗಿ, ಆ ಬ್ಯಾಳಿ ಬಸದ ಕಟ್ಟಿನಾಗ ಸಾರು, ಮರುದಿನ ಆ ಸಾರಿನಾಗ ನನ್ನ ಅದ್ದಿ ತಿನ್ನೂದು. ಬರ್ಯಾಕ ಪೆನ್ನು ಯಾಕ ಬೇಕ್ರೀ, ನಮ್ಮ ಅವ್ವಂದಿರಿಗೆ ಬಾಯಿಪಾಠ ಐತಿ.

(ಮೂಲೆಯಿಂದ ಸಣ್ಣ ನಗೆ ಕೇಳಿಸಿತು. ಪಟ ಪಟ ಮಾತ್ರ ನಿಲ್ಲಲಿಲ್ಲ.)

ಪ್ರಶ್ನೆ: ನೀವು ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಫ್ರಿಜ್ ಇಲ್ಲದೆ ಇದು ಹೇಗೆ ಸಾಧ್ಯ?

ರೊಟ್ಟಿ: ಕೆಡಾಕ ನೀರು ಬೇಕ್ರಿ. ನನ್ನ ಮೈಯಾಗ ನೀರ ಇಲ್ಲ. ನೋಡ್ರಿ, ಗೋಧಿಗೆ ಜಿಗಿ ಐತಿ, ತಣ್ಣೀರಿಗೂ ಹಿಟ್ಟು ಕೂಡಿಕೊಳ್ತೈತಿ. ಜ್ವಾಳಕ್ಕ ಆ ಜಿಗಿ ಇಲ್ಲ. ಅದಕ್ಕ ಕುದಿಯೂ ಎಸರು ಹಾಕತಾರ. ಆ ಕಾವಿಗೆ ಹಿಟ್ಟು ಅರ್ಧ ಬೆಂದು ಅಂಟು ಬಿಡತೈತಿ. ಬಿಸಿ ಇರೂವಾಗ ನಾದಬೇಕು, ಕೈ ಸುಡತೈತಿ ಅಂತ ಬಿಟ್ರ ಬಡಿಯೂವಾಗ ಅಂಚು ಸೀಳತೈತಿ. ನಾದಿ, ಉಂಡಿ ಮಾಡಿ, ಒಣಹಿಟ್ಟು ಉದುರಿಸಿ, ಅಂಗೈಲೆ ಬಡಕೊಂತ ತಿರಗಸ್ಕೊಂತ ಹೋಗಬೇಕು. ಹಂಚಿಗೆ ಹಾಕಿದ ಕೂಡಲೆ ಮ್ಯಾಲ ಒದ್ದಿ ಅರಿವಿ ಆಡಿಸಿ ಒಣಹಿಟ್ಟು ಒರಸಬೇಕು. ಎರಡೂ ಮಗ್ಗಲ ಬೇಯಿಸಿ, ಉರಿ ಮುಂದ ನಿಲ್ಲಿಸಿ ಆರಿಸಿದ್ರ ಹಪ್ಪಳ ಆಗ್ತೀನಿ. ಎಣ್ಣಿ ಒಂದು ಹನಿ ಇಲ್ಲ. ಒಂದ ಸಲ ಒಲಿ ಹಚ್ಚಿ ನೂರು ರೊಟ್ಟಿ ಮಾಡಿಟ್ರ, ಮುಂದ ಒಲಿ ಹಚ್ಚದ ಎಷ್ಟೋ ಊಟ. ನಿಮ್ಮ ಪಟ್ಟ್ಯಾಗ ‘ಗ್ಯಾಸ್ ಉಳಿಸಿ’ ಅಂತ ಒಂದು ಇದ್ದಿರಬೇಕಲ್ಲ?

ಪ್ರಶ್ನೆ: ಇದೆ, ಐದನೆಯದು. ಆದರೆ ಬರೀ ರೊಟ್ಟಿ ತಿನ್ನಲಾಗುವುದಿಲ್ಲವಲ್ಲ? ತರಕಾರಿ ಬೆಲೆ ನೋಡಿದರೆ...

ರೊಟ್ಟಿ: ಅದಕ್ಕ ಹಿಂಡಿ ಅಂತ ಒಂದು ಕುಲ ಐತ್ರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಪುಟಾಣಿ ಹಿಂಡಿ. ನಾವೆಲ್ಲಾ ಒಂದ ಹೊಲದಾಗ ಬೆಳದ ನೆರಿಹೊರಿ. ಜ್ವಾಳದ ಸಾಲಿನ ನಡುವ ಅಕ್ಕಡಿ ಸಾಲು ಬಿಟ್ಟು ಕುಸುಬಿ, ಅಗಸಿ, ಕಡ್ಲಿ ಬಿತ್ತತಿದ್ರು. ರೊಟ್ಟಿ, ಎಣ್ಣಿ, ಹಿಂಡಿ, ಬ್ಯಾಳಿ ಎಲ್ಲಾ ಒಂದ ಹೊಲದಾಗ, ಕಿರಾಣಿ ಅಂಗಡಿಗೆ ಉಪ್ಪು ಬೆಲ್ಲಕ್ಕಷ್ಟ ಹೋಗೂದು. 2023ರ ಜುಲೈದಾಗ ಟೊಮ್ಯಾಟೊ ಕಿಲೋಕ್ಕ ನೂರು ದಾಟಿತ್ತು ನೆನಪೈತಿಲ್ರೀ? ಟಿವ್ಯಾಗ ಎಲ್ಲಾರೂ ಅಳತಿದ್ರು. ನಮ್ಮ ಬುಟ್ಟ್ಯಾಗ ಯಾರೂ ಅಳಲಿಲ್ಲ. ಹುಳಿ ಬೇಕಂದ್ರ ಹುಂಚಿಹಣ್ಣು ಐತಿ, ಪುಂಡಿಪಲ್ಯ ಐತಿ, ಇಂಡಿ ಲಿಂಬಿ ಐತಿ. ಟೊಮ್ಯಾಟೊ ಅನ್ನೂದು ನಮ್ಮ ಮನಿಗೆ ಬಂದ ಬೀಗ. ಬಂದ್ರ ಬರ್ರಿ ಅಂತೀವಿ, ಬರದಿದ್ರ ಹುಡಿಕ್ಕೊಂಡು ಹೋಗಂಗಿಲ್ಲ.

ಪ್ರಶ್ನೆ: ಸೊಪ್ಪು?

ರೊಟ್ಟಿ: ಹೊಲಕ್ಕ ಕಸಾ ತಗ್ಯಾಕ ಹೋದ ಹೆಣಮಕ್ಕಳು ಬರೂವಾಗ ಉಡ್ಯಾಗ ಹಕ್ಕರಕಿ ತರತಿದ್ರು. ಕಡ್ಲಿ ಗಿಡದ ಕುಡಿ ಚಿವುಟಿ ತರತಿದ್ರು. ಕುಡಿ ಚಿವುಟಿದ್ರ ಗಿಡ ಇನ್ನೊಂದೀಟು ಕವಲೊಡೀತಿತ್ತು, ಮನ್ಯಾಗ ಪಲ್ಯಾನೂ ಆಗತಿತ್ತು. ಉಳದದ್ದು ಮಾಳಗಿ ಮ್ಯಾಲ ಒಣಗಸೂದು. ನಮ್ಮೂರಾಗ ಬ್ಯಾರೆ ಏನಿಲ್ಲಂದ್ರೂ ಬಿಸಿಲಿಗೆ ಕೊರತಿ ಇಲ್ರಿ. ಏಪ್ರಿಲ್ ಮೇ ತಿಂಗಳದಾಗ 40 ಡಿಗ್ರಿ ದಾಟೂ ಬಿಸಿಲಿಗೆ ಯಾವ ಕಂಪನಿನೂ ಬಿಲ್ ಕಳಸಿಲ್ಲ. ಒಣ ಕಡ್ಲಿಪಲ್ಯ, ಒಣ ಚವಳಿಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗಿ. ಒಂದು ಮುಟಗಿ ಮಡಕಿ ಕಾಳು ನೆನಿ ಹಾಕಿ, ಅರಿವ್ಯಾಗ ಕಟ್ಟಿ ಮೊಳಕಿ ಬರಸಿದ್ರ ಬೋಗಾಣಿ ತುಂಬತೈತಿ. ಬ್ಯಾಂಕಿನಾಗ ಇಟ್ಟ ರೊಕ್ಕ ಎರಡು ದಿನಕ್ಕ ಎರಡಪಟ್ಟು ಆಗೂದು ಎಲ್ಲರೆ ಕಂಡೀರೇನು?

ಪ್ರಶ್ನೆ: ಒಣಗಿಸುವ ಮಾತು ಬಂತು. ತಿಕೋಟಾದ ಒಣದ್ರಾಕ್ಷಿಯೂ ಬಿಸಿಲಿನ ಕೂಸೇ ಅಲ್ಲವೇ? ನಿಮಗೂ ಅದಕ್ಕೂ ನಂಟೇನಾದರೂ?

ರೊಟ್ಟಿ: ದೂರದ ನಂಟು. ಅದೂ ಒಣಗಿದ್ದ, ನಾನೂ ಒಣಗಿದ್ದ. ಅದು ಒಣಗಿದ್ರ ತುಟ್ಟಿ ಆಗತೈತಿ, ನಾ ಒಣಗಿದ್ರ ಸೋವಿ ಆಗತೀನಿ. ಆದ್ರ ಅದರ ಮ್ಯಾಲ ಹೊಟ್ಟಿಕಿಚ್ಚು ಇಲ್ರಿ. ಸುಮಾರು ನಾಕು ಕಿಲೋ ಹಸಿ ದ್ರಾಕ್ಷಿ ಒಣಗಿದ್ರ ಒಂದು ಕಿಲೋ. ಅದ್ದಾಕ ಎಣ್ಣಿ ಔಷಧ, ಹರವಾಕ ಜಾಳಗಿ ಶೆಡ್ಡು, ನಡುವ ಅಕಾಲಿಕ ಮಳಿ ಬಂತಂದ್ರ ಬಣ್ಣಾ ಹೋತು, ಬಣ್ಣಾ ಹೋತಂದ್ರ ದರಾ ಹೋತು. ತಿಕೋಟಾದಾಗ ದ್ರಾಕ್ಷಿ ಬೆಳದಾಂವಗ ಕೇಳ್ರಿ, ‘ಮನ್ಯಾಗ ಪಾಯಸಕ್ಕ ಎಷ್ಟು ದ್ರಾಕ್ಷಿ ಹಾಕ್ತೀರಿ?’ ಅಂತ. ಎಣಿಸಿ ಹೇಳತಾನ. ತುಟ್ಟಿ ವಸ್ತು ಬೆಳದಾಂವ ಸಿರಿವಂತ ಆಗಬೇಕಂತಿಲ್ರಿ, ಸೋವಿ ವಸ್ತು ತಿಂದಾಂವ ಬಡವ ಇರಬೇಕಂತಾನೂ ಇಲ್ಲ.

ಪ್ರಶ್ನೆ: ಮಾರುಕಟ್ಟೆಗೆ ಬರೋಣ. ಅಗ್ಗಕ್ಕೆ ಕೊಳ್ಳುವ ಉಪಾಯ?

ರೊಟ್ಟಿ: ಹೊತ್ತು ಮುಳಗೂ ಮುಂದ ಹೋಗೂದು. ಹಳ್ಳಿಗೆ ಹೊಂಟ ಮಾಲಿನವ್ವ ಉಳದ ಮೆಂತ್ಯೆ ಹೊರಲಾರದ, ಎರಡು ಸಿವುಡಿನ ರೊಕ್ಕಕ್ಕ ಮೂರು ಸಿವುಡು ಕೊಟ್ಟು ಬಸ್ ಹಿಡೀತಾಳ. ಬಸ್ಸಿನ ಮಾತು ಬಂತು ನೋಡ್ರಿ. 2023ರ ಜೂನ್‌ದಾಗ ಹೆಣಮಕ್ಕಳಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮ್ಯಾಲ ಬಬಲೇಶ್ವರದಿಂದ ಒಬ್ಬಾಕಿ ಉಳ್ಳಾಗಡ್ಡಿ ತರಾಕ ವಿಜಯಪುರಕ್ಕ ಬಂದ್ಲು. ಕಿಲೋಕ್ಕ ಐದು ರೂಪಾಯಿ ಉಳಸಿದ್ಲು. ಹೋಗಿ ಬರಾಕ ಅರ್ಧ ದಿನಾ. ಆಕಿ ಗಂಡ ಊರೆಲ್ಲಾ ಹೇಳಕೋಂತ ತಿರಗ್ಯಾಡಿದ, ‘ನನ್ನ ಹೇಂತಿ ಐದು ರೂಪಾಯಿ ಉಳಸ್ಯಾಳ’ ಅಂತ. ಅರ್ಧ ದಿನದ ಲೆಕ್ಕಾ ಯಾರೂ ಕೇಳಲಿಲ್ಲ. ಇದನ್ನ ನೆನಪಿಟ್ಟಿರ್ರಿ, ಆಮ್ಯಾಲ ಇದಕ್ಕ ಬರತೀನಿ.

ಪ್ರಶ್ನೆ: ಚೌಕಾಶಿ ಮಾಡಬೇಕೋ ಬೇಡವೋ?

ರೊಟ್ಟಿ: ಚೌಕಾಶಿ ನಮ್ಮೂರಿನ ಇತಿಹಾಸದಾಗ ಐತಿ. ಮಲಿಕ್-ಎ-ಮೈದಾನ ತೋಪು ನೋಡೀರಲ್ಲ? 55 ಟನ್ ಭಾರ ಅಂತಾರ. 1854ರಾಗ ಅದನ್ನ ಹರಾಜಿಗೆ ಇಟ್ರಂತ. ಎಲ್ಲಾ ಕೂಡಿ ಬಂದ ದರಾ 150 ರೂಪಾಯಿ! ಪುಣ್ಯಾಕ ಆ ಮಾರಾಟ ರದ್ದಾತು. ಅಂಥಾ ತೋಪನ್ನ 150ಕ್ಕ ಕೇಳಿದ ಊರು, ನಾಳೆ ಕೊತ್ತಂಬ್ರಿ ಸಿವುಡು ಐದಕ್ಕ ಕೇಳಿದ್ರ ತಪ್ಪೇನ್ರಿ? ಆದ್ರ ಒಂದು ಮಾತು. ಬೋರ್ಡು ಹಚ್ಚಿದ ಎಸಿ ಅಂಗಡ್ಯಾಗ ಯಾರೂ ಚೌಕಾಶಿ ಮಾಡಂಗಿಲ್ಲ, ಚೀಟಿ ನೋಡಿ ಬಾಯಿ ಮುಚಗೊಂಡು ಕೊಡತಾರ. ನೆಲದ ಮ್ಯಾಲ ಗೋಣಿತಟ್ಟು ಹಾಸಿ ಕುಂತಾಕಿ ಮುಂದಷ್ಟ ಎಲ್ಲಾರೂ ತೋಪು ಹಾರಸತಾರ.

ಪ್ರಶ್ನೆ: ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲೂ ಎಲ್ಲ ತುಟ್ಟಿ.

ರೊಟ್ಟಿ: ಹೆಸರು ನೋಡ್ರಿ ಹೆಂಥಾದ್ದು. 1965ರಾಗ ದೇಶಕ್ಕ ಕಾಳಿನ ಕೊರತಿ ಬಂದಾಗ ಶಾಸ್ತ್ರಿಯವರು ‘ವಾರಕ್ಕೊಂದು ಹೊತ್ತು ಊಟ ಬಿಡ್ರಿ’ ಅಂದ್ರು. ಸೋಮವಾರ ರಾತ್ರಿ ಹೋಟೆಲುಗಳೂ ಬಾಗಲಾ ಹಾಕತಿದ್ದು. ತಮ್ಮ ಮನ್ಯಾಗ ಮದಲ ಬಿಟ್ಟು ಆಮ್ಯಾಲ ಮಂದಿಗೆ ಹೇಳಿದ್ರು, ಅದಕ್ಕ ಮಂದಿ ಕೇಳಿದ್ರು. ಆಲಮಟ್ಟಿಗೆ ಅಡಿಗಲ್ಲು ಹಾಕಿದವರೂ ಅವರ, ಅಲ್ಲಿ ಜಲಾಶಯಕ್ಕೂ ಅವರ ಹೆಸರ. ಈಗ ಅವರ ಹೆಸರಿನ ನೀರು ಬಂದ ಹೊಲದಾಗ ಕಬ್ಬು, ದ್ರಾಕ್ಷಿ. ಅವರ ಹೆಸರಿನ ಬಜಾರದಾಗ ದರಾ ಕೇಳಿದ್ರ ಊಟ ತಾನಾಗೇ ಬಿಡತೈತಿ. ಬಿಡ್ರಿ ಅಂತ ಯಾರೂ ಹೇಳೂದ ಬ್ಯಾಡ. ಗೋಳಗುಮ್ಮಟದಾಗ ಒಂದ ಸಲ ಕೂಗಿದ್ರ ಏಳ ಸಲ ಕೇಳತೈತಿ ಅಂತಾರ; ಕುಸುಬಿ ಎಣ್ಣಿ ದರಾ ಬಜಾರದಾಗ ಒಂದ ಸಲ ಕೇಳಿದ್ರ ರಾತ್ರಿ ಎಲ್ಲಾ ಕಿವ್ಯಾಗ ಗುಂಯ್ ಅಂತೈತಿ.

ಪ್ರಶ್ನೆ: ಸರ್ಕಾರ ಪುಕ್ಕಟೆ ಅಕ್ಕಿ ಕೊಡುತ್ತಿದೆಯಲ್ಲ. 2013ರಲ್ಲಿ ಅನ್ನಭಾಗ್ಯ ಬಂತು. ಅದರಿಂದ ನಿಮಗೆ ಬೇಸರವಾಗಿದೆಯೇ?

ರೊಟ್ಟಿ: ಬ್ಯಾಸರ ಯಾಕ್ರೀ? ಹಸದ ಹೊಟ್ಟಿಗೆ ಅಕ್ಕಿ ಆದ್ರೇನು, ಜ್ವಾಳ ಆದ್ರೇನು. ಬರಗಾಲದ ಸೀಮಿಯವ ನಾನು, ಹಸಿವಿನ ಮುಂದ ಜಾತಿ ಮಾತಾಡಂಗಿಲ್ಲ. 1876ರಿಂದ 78ರ ಬರದಾಗ ಈ ನಾಡಿನಾಗ ನನ್ನ ಮುಖಾ ನೋಡಲಾರದ ಸತ್ತವರು ಎಷ್ಟೋ ಮಂದಿ. ಅದಕ್ಕಂತ ನಮ್ಮ ಹಿರ್ಯಾರು ನೆಲದಾಗ ಹಗೇವು ತೋಡಿ, ಒಳಗ ಹುಲ್ಲು ಹಾಸಿ, ಜ್ವಾಳ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡತಿದ್ರು. ತಗ್ಯೂವಾಗ ಒಮ್ಮೆಲೇ ಒಳಗ ಇಳಿಯಂಗಿಲ್ಲ, ಉಸರ ಕಟ್ಟತೈತಿ. ಬಾಯಿ ತಗದು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಆರಲಿಲ್ಲಂದ್ರ ಇಳೀತಿದ್ರು. ಈಗ ಉಳಿತಾಯ ಎಲ್ಲಾ ಮೊಬೈಲಿನಾಗ. ತಗದು ನೋಡಿದ್ರ ದೀಪಾ ಅಲ್ಲ, ನೋಡಿದವರ ಮುಖಾನ ಆರತೈತಿ.

ಅಕ್ಕಿ ಮಾತಿಗೆ ಬರತೀನಿ. ನನಗ ಆದದ್ದು ಬ್ಯಾಸರ ಅಲ್ಲ, ನಗಿ. ರೇಷನ್ ಅಂಗಡ್ಯಾಗ ಅಕ್ಕಿ ಪುಕ್ಕಟೆ, ಬಜಾರದಾಗ ಜ್ವಾಳ ತುಟ್ಟಿ. ಜ್ವಾಳ ಬೆಳಿಯೂ ಊರಾಗ ಬಡವ ಅನ್ನಾ ಉಣ್ಣತಾನ, ಅಕ್ಕಿ ಉಣ್ಣೂ ಬೆಂಗಳೂರಾಗ ಸಿರಿವಂತ ರೊಟ್ಟಿ ತಿಂತಾನ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂದ್ರು. ಆ ವರ್ಷದ ಬಜೆಟ್ ಭಾಷಣದಾಗ ನಮ್ಮ ಕುಲಕ್ಕೆಲ್ಲಾ ‘ಶ್ರೀ ಅನ್ನ’ ಅಂತ ಹೆಸರಿಟ್ರು. ಹೆಸರಿನ ಹಿಂದ ಶ್ರೀ ಬಂತು, ಬೆಲಿ ಮುಂದ ಸೊನ್ನಿ ಬಂತು. ಮದಲ ನನ್ನ ತಿನ್ನಾವನ ‘ಬಡವ’ ಅಂತಿದ್ರು, ಈಗ ‘ಆರೋಗ್ಯದ ಕಾಳಜಿ ಇರೂ ಮನಷ್ಯಾ’ ಅಂತಾರ. ರೊಟ್ಟಿ ಅದ, ಹಂಚು ಅದ, ತಿನ್ನೂ ಬಾಯಿ ಬದಲಾತು.

ಪ್ರಶ್ನೆ: ನಿಮ್ಮ ಊರಿನಲ್ಲಿ ಮಿತವ್ಯಯಕ್ಕೆ ದೊಡ್ಡ ಪರಂಪರೆಯೇ ಇದೆಯಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಡುತ್ತಿದ್ದರು. ನಮ್ಮ ಓದುಗರಿಗೂ ಅದನ್ನೇ ಒಂದು ಸೂತ್ರವಾಗಿ ಕೊಟ್ಟರೆ?

ರೊಟ್ಟಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ದೊಡ್ಡವರ ಮಾತು ತಗದ್ರಿ, ಮೆಲ್ಲಕ ಮಾತಾಡೂಣು. ಅವರು ಬಿಜ್ಜರಗಿಯವರು, ತಿಕೋಟಾ ಸೀಮಿ. 2018ರಾಗ ಪದ್ಮಶ್ರೀ ಬಂದ್ರೂ ಬ್ಯಾಡ ಅಂತ ತಿರಗಿ ಕಳಸಿದವರು. 2023ರ ಜನವರಿದಾಗ ಹ್ವಾದ್ರು, ಊರಿಗೆ ಊರ ನೆರದು ಅತ್ತಿತು. ವಚನದ ಫ.ಗು. ಹಳಕಟ್ಟಿ ಅವರೂ ಈ ಊರಾಗ ಸಿದ್ಧೇಶ್ವರನ ಹೆಸರಿನ ಬ್ಯಾಂಕು ಕಟ್ಟಿದವರು. ಆದ್ರ ವಚನ ಅಚ್ಚು ಹಾಕಸಾಕ ತಮ್ಮ ಮನಿನ ಮಾರಿದ್ರು. ಮಂದಿ ರೊಕ್ಕಾ ಉಳಿಸಾಕ ಬ್ಯಾಂಕು, ತಮ್ಮ ರೊಕ್ಕಾ ಉಳೀದಂಗ ಪುಸ್ತಕ. ಇಂಥವರನ್ನ ಸೂತ್ರದಾಗ ತುರಕಬ್ಯಾಡ್ರಿ. ಜೇಬು ಬ್ಯಾಡ ಅಂದವರು ಬ್ಯಾರೆ, ಜೇಬು ಇದ್ದೂ ಖಾಲಿ ಇದ್ದವರು ಬ್ಯಾರೆ. ಖಾಲಿ ಜೇಬಿನವಗ ‘ಜೇಬು ಯಾಕಪಾ ಬೇಕು’ ಅಂತ ಉಪದೇಶ ಮಾಡಾಕ, ಜೇಬು ತುಂಬಿದವಗ ಹಕ್ಕಿಲ್ಲ.

ಪ್ರಶ್ನೆ: ಸರಿ, ಆ ಸೂತ್ರ ಕೈಬಿಟ್ಟೆ. ಉಳಿದ ಆಹಾರ ಎಸೆಯದೆ ಬಳಸುವ ಬಗ್ಗೆ ಏನಾದರೂ?

ರೊಟ್ಟಿ: ನಾನ ಉಳದ ಆಹಾರ ಅಲ್ಲೇನ್ರಿ? ಮುರಕಲು ಬಿದ್ರ ಉಳ್ಳಾಗಡ್ಡಿ ಒಗ್ಗರಣಿ ಕೊಟ್ಟು ನೀರು ಚಿಮಕಿಸಿದ್ರ ಮಕ್ಕಳ ನಾಷ್ಟಾ. ಮಜ್ಜಿಗ್ಯಾಗ ನೆನಸಿದ್ರ ಹಲ್ಲಿಲ್ಲದ ಆಯಿ ಊಟ. ಇನ್ನ ಬಿಸಿ ರೊಟ್ಟಿಗೆ ಬಳ್ಳೊಳ್ಳಿ, ಉಪ್ಪು, ಕಾರಾ ಹಾಕಿ ಒಳಕಲ್ಲಿನಾಗ ಕುಟ್ಟಿ ಮುಷ್ಟಿಯಾಗ ಹಿಚಕಿದ್ರ ಮುಟಗಿ. ಮ್ಯಾಲ ಒಂದು ಚಮಚಾ ಎಣ್ಣಿ ಸುರವಿದ್ರ ಮುಗೀತು. ಮುಟಗಿ ತಿಂದವರು ಪಲ್ಯಾ ಎಲ್ಲಿ ಅಂತ ಕೇಳಿದ್ದು ನಾ ಕೇಳಿಲ್ಲ. ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿಗೆ ಹಳ್ಳಿಗಳಿಂದ ಎತ್ತು ಹೊಡಕೊಂಡು ಬರೂ ರೈತ್ರ ಬುತ್ತಿ ಬಿಚ್ಚಿ ನೋಡ್ರಿ. ನಾನು, ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ, ಮ್ಯಾಲ ಗುದ್ದಿ ಒಡಿಯಾಕ ಒಂದು ಮುಷ್ಟಿ. ಎತ್ತಿನ ಕೊರಳಾಗ ಗೆಜ್ಜಿ ಇರತೈತಿ, ಮಾಲಕನ ಬುತ್ತ್ಯಾಗ ತುಪ್ಪ ಇರಂಗಿಲ್ಲ. ಇರ್ಲಿ, ಉಂಡು ಎದ್ದಾಂವ ಎತ್ತಿನ ಜೋಡಿ ಸಂಜಿತನಕ ನಡೀತಾನ.

ಪ್ರಶ್ನೆ: ಅದ್ಭುತ! ಹಾಗಾದರೆ ನಿಮ್ಮಷ್ಟು ಅಗ್ಗದ ಊಟ ಇನ್ನೊಂದಿಲ್ಲ ಎಂದು ಬರೆಯಲೇ? ಇಗೋ, ಲೆಕ್ಕವನ್ನೂ ಹಾಕಿಕೊಂಡು ಬಂದಿದ್ದೇನೆ. ಜೋಳ ಕಿಲೋಗೆ 50 ರೂಪಾಯಿ ಎಂದು ಹಿಡಿಯೋಣ. ಗಿರಣಿಗೆ 6. ಉರುವಲಿಗೆ 10. ಒಟ್ಟು 66. ಒಂದು ಕಿಲೋಗೆ 15 ರೊಟ್ಟಿ ಎಂದರೆ ಒಂದಕ್ಕೆ 4 ರೂಪಾಯಿ 40 ಪೈಸೆ. ಅಷ್ಟೇ!

(ಪಟ ಪಟ ಸದ್ದು ನಿಂತಿತು.)

ರೊಟ್ಟಿ: ಇನ್ನೊಮ್ಮೆ ಓದ್ರಿ.

ಪ್ರಶ್ನೆ: ಜೋಳ 50, ಗಿರಣಿ 6, ಉರುವಲು 10...

ರೊಟ್ಟಿ: ಮುಂದ?

ಪ್ರಶ್ನೆ: ಮುಂದೇನಿಲ್ಲ. ನೀರು ಪುಕ್ಕಟೆ.

ರೊಟ್ಟಿ: ಜ್ವಾಳ ತಾನಾಗಿ ಗಿರಣಿಗೆ ನಡಕೊಂತ ಹೋತೇನ್ರಿ? ಎಸರಿನಾಗ ತಾನಾಗಿ ಹಾರಿತೇನು? ಹಂಚಿನ ಮ್ಯಾಲ ಹಾರಿ ಬಿದ್ದು, ಮಗ್ಗಲಾ ಹೊಳ್ಳಿ ಮಲಗಿತೇನು? ಕುಂತು ನೋಡ್ರಿ. ಆಕಿ ಬಲಗೈ ಹಸ್ತ ನೋಡ್ರಿ, ಗದ್ದಿ ಕಟ್ಟೈತಿ. ಎಡಗೈ ಬಳ್ಳಿನ ತುದಿ ನೋಡ್ರಿ, ಸುಟ್ಟು ಸುಟ್ಟು ಗೆರಿ ಅಳಿಸ್ಯಾವ; ಆಧಾರ್ ಮಿಷನ್ನಿನಾಗ ಬಳ್ಳ ಇಟ್ರ ‘ನೀ ಯಾರು’ ಅಂತೈತಿ. ನೀವು ಬರದ ಲೆಕ್ಕದಾಗ ಜ್ವಾಳ ಐತಿ, ಬೆಂಕಿ ಐತಿ, ಗಿರಣಿ ಐತಿ. ರಟ್ಟಿ ಎಲ್ಲೈತಿ?

ಪ್ರಶ್ನೆ: ಮಾರುವಾಗ ಅವರಿಗೆ ಲಾಭ ಬರುತ್ತದಲ್ಲ? ಖಾನಾವಳಿಗೆ ಒಂದಕ್ಕೆ 6 ರೂಪಾಯಿಯಂತೆ ಕೊಟ್ಟರೂ 15ಕ್ಕೆ 90. ಅಸಲು 66 ಕಳೆದರೆ 24 ರೂಪಾಯಿ ಲಾಭ.

ರೊಟ್ಟಿ: ಲಾಭ ಅನಬ್ಯಾಡ್ರಿ, ಕೂಲಿ ಅನ್ರಿ. ನಾದಿ, ಬಡದು, ಬೇಯಿಸಿ, ಆರಿಸಿ ಹದಿನೈದು ರೊಟ್ಟಿ ಇಳಸಾಕ ಒಂದು ತಾಸು ದಾಟತೈತಿ. ನಡುವ ಮುರದದ್ದು ಆಕಿ ಲೆಕ್ಕಕ್ಕ. ತಾಸಿಗೆ 24 ರೂಪಾಯಿ. ಇದು ಮಾರೂವಾಕಿ ಮಾತು. ಮನ್ಯಾಗ ಬಡಿಯೂವಾಕಿಗೆ ಆ 24 ರೂಪಾಯಿನೂ ಇಲ್ಲ. ‘ಇವತ್ತ ಉಪ್ಪು ಕಮ್ಮಿ ಆಗೈತಿ’ ಅನ್ನೂ ಮಾತಷ್ಟ ಸಿಗತೈತಿ. ಬಬಲೇಶ್ವರದಾಕಿ ಅರ್ಧ ದಿನಾ ನೆನಪಿಟ್ಟಿರ್ರಿ ಅಂದಿದ್ದೆ. ನಿಮ್ಮ ಹತ್ತೂ ಸೂತ್ರ ತಗದು ನೋಡ್ರಿ. ಹಿಂಡಿ ಕುಟ್ಟಿದ್ರ ಉಳಿತಾಯ. ಕುಟ್ಟೂದು ಯಾರು? ಸೊಪ್ಪು ಒಣಗಿಸಿದ್ರ ಉಳಿತಾಯ. ಕಾಗಿ ಬಂದ್ರ ಕಾಯೂದು ಯಾರು? ಸಂಜಿ ಸಂತಿಗೆ ಹೋದ್ರ ಉಳಿತಾಯ. ಬಂದು ರಾತ್ರಿ ಅಡಗಿ ಮಾಡೂದು ಯಾರು? ಊಟ ಸೋವಿ ಆಗತೈತಿ ಅಂದ್ರ ಒಂದ ಅರ್ಥ: ಆ ಬೆಲಿ ಒಂದು ಕಡೆಯಿಂದ ತಗದು, ಲೆಕ್ಕಾ ಬರಿಯಲಾರದ ಜಾಗಾದಾಗ ಇಟ್ಟಾರ. ಆ ಜಾಗಾ ಆಕಿ ಹೆಗಲು.

ಪ್ರಶ್ನೆ: ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ರೊಟ್ಟಿ ಮಾಡುವುದನ್ನೇ ಬಿಡಬೇಕೇ?

ರೊಟ್ಟಿ: ಬಿಟ್ರ ನಾ ಎಲ್ಲಿಗೆ ಹೋಗ್ಲಿ? ಮಾಡ್ರಿ. ಎಲ್ಲಾರೂ ಮಾಡ್ರಿ. ‘ಆಕಿ ಕೈ ರೊಟ್ಟಿ ಭಾಳ ರುಚಿ’ ಅಂತ ಹೊಗಳಿ ಕೈ ತೊಳಕೊಂಡು ಏಳೂ ಗಂಡಸರು, ಒಂದ ದಿನಾ ಉಂಡಿ ಮಾಡಿ ಬಡದು ನೋಡ್ರಿ. ಮದಲನೇದು ನಕಾಶಿಯಾಗಿನ ಕರ್ನಾಟಕದಂಗ ಆಗತೈತಿ, ಅಡ್ಡಿ ಇಲ್ಲ, ಹಂಚಿಗೆ ಆಕಾರದ ಹಂಗಿಲ್ಲ. ಎರಡು ಕೈ ಬಡಿಯೂ ಜಾಗಾದಾಗ ನಾಕು ಕೈ ಬಡದ್ರ ಅದು ಖರೇ ಉಳಿತಾಯ. ಇನ್ನೊಂದು: ಖಾನಾವಳ್ಯಾಗ ಊಟಕ್ಕ ಕುಂತು ‘ಒಂದ ರೊಟ್ಟಿಗೆ ಇಷ್ಟ್ಯಾಕ?’ ಅಂತ ಕೇಳೂ ಮುಂದ ಒಂದ ಸಲ ಆಕಿ ಹಸ್ತ ನೆನಸ್ಕೋರಿ. ಅಷ್ಟ ಸಾಕು.

ಪ್ರಶ್ನೆ: ಇದನ್ನು ಯಾವ ಸೂತ್ರದಲ್ಲಿ ಹಾಕಲಿ? ಸಂಪಾದಕರಿಗೆ ಒಂದೇ ಸಾಲಿನಲ್ಲಿ ಬೇಕು.

ರೊಟ್ಟಿ: ಒಂದ ಸಾಲಿನಾಗ ಹಿಡಿಯಂಗಿಲ್ಲಂದ್ರ ಬಾಗಸಬ್ಯಾಡ್ರಿ. ನಾ ಬಾಗಂಗಿಲ್ಲ, ಮುರೀತೀನಿ. ಪರಾತದ ಮುಂದ ಕುಂದರ್ರಿ, ಒಂದು ರೊಟ್ಟಿಗೆ ಎಷ್ಟು ಸಲ ಕೈ ಬೀಳತೈತಿ ಎಣಸ್ರಿ. ಆ ಅಂಕಿನ ಬರೀರಿ.

ನಾನು ನೆಲಕ್ಕೆ ಕೂತೆ. ಅಕ್ಕ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು, ಏನೂ ಹೇಳಲಿಲ್ಲ. ಪರಾತದಲ್ಲಿ ಒಣಹಿಟ್ಟು ಉದುರಿಸಿ ಉಂಡಿ ಇಟ್ಟರು. ಅಂಗೈ ಬಿತ್ತು. ಒಂದು, ಎರಡು, ಮೂರು. ಬಡಿಯುತ್ತ ಬಡಿಯುತ್ತ ಉಂಡಿ ತಾನಾಗಿಯೇ ತಿರುಗುತ್ತಿತ್ತೋ, ಅಥವಾ ಬೆರಳ ತುದಿ ತಿರುಗಿಸುತ್ತಿತ್ತೋ, ಕಣ್ಣಿಗೆ ಸಿಗಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಅಂಗೈಯಗಲ ಇದ್ದದ್ದು ತಟ್ಟೆಯಗಲವಾಯಿತು. ಐವತ್ತರ ಹೊತ್ತಿಗೆ ಬಡಿತ ಹಗುರಾಯಿತು, ಅಂಚಿಗೆ ಬೀಳತೊಡಗಿತು. ಎಪ್ಪತ್ತು. ಬಳೆ ಒಮ್ಮೆ ಜಾರಿ ಮಣಿಕಟ್ಟಿಗೆ ಬಂತು. ಅವರು ಹಿಟ್ಟಿನ ಕೈಯಿಂದಲೇ ಅದನ್ನು ಮೇಲೆ ತಳ್ಳಿ ಮತ್ತೆ ಬಡಿದರು.

ಆಗಲೇ ಫೋನ್ ಬಂತು. ಸಂಪಾದಕರು.

‘ಎಷ್ಟಾಯ್ತು?’

‘ಎಂಬತ್ತಾರು,’ ಎಂದೆ, ‘ಎಂಬತ್ತೇಳು...’

‘ಎಂಬತ್ತೇಳಾ?’ ಅವರ ದನಿಯಲ್ಲಿ ಗಾಬರಿಯಿತ್ತು. ‘ಅಷ್ಟಕ್ಕೆಲ್ಲ ಜಾಗ ಎಲ್ಲಿದೆ ಮಾರಾಯ? ಹತ್ತೇ ಸಾಕು.’